ಅಂಬುತೀರ್ಥದಿಂದ ಹೊನ್ನಾವರಕ್ಕೆ, ಹೊಳೆಯ ವೇಗದಲ್ಲಿ

ಶರಾವತಿಯ ಉದ್ದ ಸುಮಾರು 128 ಕಿಲೋಮೀಟರ್. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಮನಸ್ಸು ಮಾಡಿದರೆ ಬೈಕಿನಲ್ಲಿ ಬೆಳಿಗ್ಗೆ ಹೊರಟು ಸಂಜೆಗೆ ಮುಗಿಸಿಬಿಡಬಹುದು. ನಾನೂ ನನ್ನ ಭಾವನೂ ಆರು ದಿನ ತೆಗೆದುಕೊಂಡೆವು.

ಯೋಚನೆ ಭಾವನದ್ದು. ಅವರು ಹುಟ್ಟಿದ್ದು 1961ರಲ್ಲಿ, ಶರಾವತಿ ದಂಡೆಯ ಒಂದು ಊರಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಆ ಊರು ಖಾಲಿಯಾಗಿತ್ತು. ಮನೆಯವರೆಲ್ಲ ಶಿವಮೊಗ್ಗದ ಕಡೆ ಬಂದು ನೆಲೆ ನಿಂತರು. ಹಾಗಾಗಿ ಹುಟ್ಟಿದ ಊರನ್ನು ನೋಡಿದ ನೆನಪೇ ಅವರಿಗಿಲ್ಲ. "ಹೊಳೆ ಹುಟ್ಟಿದಲ್ಲಿಂದ ಮುಗಿಯೋ ತನಕ ಒಂದು ಸಲ ಹೋಗಬೇಕು ಮಾರಾಯ" ಅಂತ ಹತ್ತು ವರ್ಷದಿಂದ ಹೇಳುತ್ತಿದ್ದರು. ದೀಪಾವಳಿ ಕಳೆದು ಮಳೆ ಹಿಂದೆ ಸರಿದ ಮೇಲೆ ಹೊರಟೇಬಿಟ್ಟೆವು.

ಅವರದು ಹಳೆಯ ಯೆಜ್ಡಿ ರೋಡ್‌ಕಿಂಗ್. 250 ಸಿಸಿ, ಟೂ ಸ್ಟ್ರೋಕ್, ಎರಡು ಸೈಲೆನ್ಸರ್. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದ ಗಾಡಿ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು, ಗಾಡಿ ಇನ್ನೂ ಓಡುತ್ತಿದೆ. ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಗೊತ್ತಿಲ್ಲದವರು ಕಿಕ್ಕರ್ ಎಲ್ಲಿದೆ ಅಂತ ಹುಡುಕುತ್ತಾ ನಿಲ್ಲುತ್ತಾರೆ. ನನ್ನದು ಈಚಿನ 350 ಸಿಸಿ ಗಾಡಿ, ಬಟನ್ ಒತ್ತಿದರೆ ಸಾಕು. ಆದರೆ ಈ ಪ್ರವಾಸದ ವೇಗ ನಿರ್ಧರಿಸಿದ್ದು ಯೆಜ್ಡಿ. ಗಂಟೆಗೆ 45, ಜಾಸ್ತಿ ಅಂದರೆ 50.

ಭಾವ ಎರಡೇ ನಿಯಮ ಹಾಕಿದ್ದರು. ದಿನಕ್ಕೆ 80 ಕಿಲೋಮೀಟರ್ ದಾಟಬಾರದು. ನಾಲ್ಕು ಗಂಟೆಗೆ ಗಾಡಿ ನಿಲ್ಲಬೇಕು. ಮೊದಲು ಕೇಳಿದಾಗ ಇಷ್ಟು ನಿಧಾನ ಯಾಕೆ ಅನ್ನಿಸಿತ್ತು. ಈಗ ನಾನು ಯಾರಿಗೆ ಬೇಕಾದರೂ ಇದೇ ಲೆಕ್ಕ ಹೇಳುತ್ತೇನೆ. ದಿನಕ್ಕೆ 300 ಕಿಲೋಮೀಟರ್ ಓಡಿಸಿದರೆ ಕಾಣುವುದು ಟಾರ್ ಮಾತ್ರ.

ಮೊದಲ ದಿನ: ಶಿವಮೊಗ್ಗದಿಂದ ತೀರ್ಥಹಳ್ಳಿ

ಹೊರಡುವ ಮುಂಚೆ ಒಂದು ಗಂಟೆ ಸಾಮಾನು ಕಟ್ಟುವುದರಲ್ಲೇ ಹೋಯಿತು. ಎರಡು ಸ್ಪಾರ್ಕ್ ಪ್ಲಗ್, ಕ್ಲಚ್ ವೈರ್, ಆಕ್ಸಿಲರೇಟರ್ ವೈರ್, ಒಂದು ಟ್ಯೂಬ್, ಪಂಕ್ಚರ್ ಸಾಮಾನು, ಕೈಪಂಪು, ಒಂದು ಲೀಟರ್ 2ಟಿ ಆಯಿಲ್. ಯೆಜ್ಡಿಗೆ ಪೆಟ್ರೋಲ್ ಹಾಕಿಸಿದಾಗಲೆಲ್ಲ ಲೀಟರಿಗೆ 30ರಿಂದ 40 ಮಿಲಿ ಆಯಿಲ್ ನಾವೇ ಸೇರಿಸಬೇಕು. ಭಾವ ಅಳತೆಗೆ ಕೆಮ್ಮಿನ ಔಷಧಿಯ ಮುಚ್ಚಳ ಇಟ್ಟುಕೊಂಡಿದ್ದಾರೆ. ಆಯಿಲ್ ಹಾಕಿ, ಗಾಡಿಯನ್ನು ಎರಡು ಸಲ ಪಕ್ಕಕ್ಕೆ ಅಲ್ಲಾಡಿಸಿ, ಆಮೇಲೆ ಕಿಕ್. ಆ ನೀಲಿ ಹೊಗೆಯ ವಾಸನೆ ಬಂದರೆ ನನಗೆ ಬಾಲ್ಯ ನೆನಪಾಗುತ್ತದೆ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ 60 ಕಿಲೋಮೀಟರಿನ ಆಸುಪಾಸು. ದಾರಿಯುದ್ದಕ್ಕೂ ತುಂಗೆ ಜೊತೆಗಿರುತ್ತಾಳೆ. ಸಕ್ರೆಬೈಲಿನಲ್ಲಿ ಆನೆಗಳ ಸ್ನಾನ ನಡೆದಿತ್ತು. ಮಂಡಗದ್ದೆಯಲ್ಲಿ ಹೊಳೆ ನಡುವಿನ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳು ಅಲ್ಲೊಂದು ಇಲ್ಲೊಂದು. ಗೂಡು ಕಟ್ಟುವ ಕಾಲ ಮುಗಿಯುತ್ತ ಬಂದಿತ್ತು. ಇದು ಇನ್ನೂ ಶರಾವತಿಯ ಊರಲ್ಲ, ಅದಕ್ಕೆ ಜಾಸ್ತಿ ನಿಲ್ಲಲಿಲ್ಲ. ಸಂಜೆ ತೀರ್ಥಹಳ್ಳಿಯಲ್ಲಿ ತುಂಗೆಯ ಕಲ್ಲುಗಳ ಮೇಲೆ ಕೂತು ಕಾಲು ನೀರಿಗೆ ಬಿಟ್ಟುಕೊಂಡೆವು. ಬೇಗ ಮಲಗಿದೆವು.

ಎರಡನೇ ದಿನ: ಅಂಬುತೀರ್ಥ, ಕವಲೇದುರ್ಗ, ನಗರ

ಅಂಬುತೀರ್ಥಕ್ಕೆ ಹೋಗುವ ದಾರಿಯಲ್ಲಿ ಗದ್ದೆಗಳೆಲ್ಲ ಹೊಂಬಣ್ಣಕ್ಕೆ ತಿರುಗುತ್ತಿದ್ದವು. ಬೆಳಗಿನ ಮಂಜು ಇನ್ನೂ ಏಳದ ಹೊತ್ತು. ಹೆಲ್ಮೆಟ್ಟಿನ ಗಾಜು ಮೇಲೆತ್ತಿದರೆ ಮುಖಕ್ಕೆಲ್ಲ ಸಣ್ಣ ಹನಿ.

ಅಲ್ಲಿ ಇರುವುದು ಒಂದು ಪುಟ್ಟ ಗುಡಿ, ಒಂದು ಕೊಳ, ಸುತ್ತ ಮರಗಳು. ಸೀತೆಗೆ ಬಾಯಾರಿಕೆಯಾದಾಗ ರಾಮ ನೆಲಕ್ಕೆ ಬಾಣ ಬಿಟ್ಟು ನೀರು ತರಿಸಿದ ಅನ್ನುವುದು ಇಲ್ಲಿನ ಕಥೆ. ಅಂಬು ಅಂದರೂ ಬಾಣ, ಶರ ಅಂದರೂ ಬಾಣ. ಅದರಿಂದಲೇ ಶರಾವತಿ ಎಂಬ ಹೆಸರು. ಕೊಳದಿಂದ ಹೊರಬೀಳುವ ನೀರು ಒಂದು ಅಡಿಕೆ ತೋಟದ ಕಾಲುವೆಯಷ್ಟೂ ಇಲ್ಲ. ದಾಟಲು ಹಾರಬೇಕಾಗಿಲ್ಲ, ಸುಮ್ನೆ ಒಂದು ಹೆಜ್ಜೆ ಇಟ್ಟರೆ ಆಯಿತು. ಜೋಗದಲ್ಲಿ 253 ಮೀಟರ್ ಧುಮುಕುವುದೂ ಇದೇ ನೀರು, 1,035 ಮೆಗಾವಾಟ್ ವಿದ್ಯುತ್ ಕೊಡುವುದೂ ಇದೇ ನೀರು. ಭಾವ ಆ ಹರಿವಿನ ಆಚೆಗೊಂದು ಈಚೆಗೊಂದು ಕಾಲಿಟ್ಟು ಸುಮಾರು ಹೊತ್ತು ನಿಂತರು. ನಾನು ಫೋಟೋ ತೆಗೆಯಲು ಹೋಗಲಿಲ್ಲ.

ಅಲ್ಲಿಂದ ಕವಲೇದುರ್ಗ. ತೀರ್ಥಹಳ್ಳಿಯಿಂದ 18 ಕಿಲೋಮೀಟರ್ ದೂರದ ಗಿರಿದುರ್ಗ, ಕೆಳದಿ ಅರಸರದ್ದು. ಗಾಡಿ ಕೆಳಗೆ ಬಿಟ್ಟು ಗದ್ದೆ ಬದಿಯಲ್ಲಿ ನಡೆದು ಹತ್ತಬೇಕು. ಕಲ್ಲು ಹಾಸಿದ ದಾರಿ, ಒಂದರ ಹಿಂದೆ ಒಂದರಂತೆ ಮೂರು ಸುತ್ತು ಕೋಟೆ. ಹಾಸುಗಲ್ಲಿನ ಮೇಲೆ ಪಾಚಿ ಕಟ್ಟಿತ್ತು. ಬೈಕಿನ ಬೂಟು ಇಲ್ಲಿ ಜಾರುತ್ತದೆ. ಹಗುರ ಚಪ್ಪಲಿ ಬ್ಯಾಗಿನಲ್ಲಿದ್ದರೆ ಒಳ್ಳೆಯದು. ಮೇಲೆ ಅರಮನೆಯ ಅಡಿಪಾಯ ಉಳಿದಿದೆ. ಕಂಬದ ಕುಳಿಗಳು, ಒಲೆಯ ಜಾಗ, ಕಲ್ಲಿನ ತೊಟ್ಟಿ. ಅದಕ್ಕೂ ಮೇಲೆ ಒಂದು ಬಂಡೆಯ ನೆತ್ತಿಯಲ್ಲಿ ಚಿಕ್ಕ ಗುಡಿ. ಅಲ್ಲಿ ಕೂತರೆ ಕಣ್ಣು ಹಾಯುವ ತನಕ ಕಾಡು, ನಡುವೆ ಹೊಳೆಯುವ ನೀರು. "ಇದೇನಾ ಶರಾವತಿ?" ಅಂತ ಕೇಳಿದೆ. "ಅಲ್ಲ, ಅದು ವಾರಾಹಿ ಹಿನ್ನೀರು" ಅಂದರು ಭಾವ. ಈ ಭಾಗದಲ್ಲಿ ಮಳೆ ಬಿದ್ದ ನೀರು ಯಾವ ಹೊಳೆಗೆ ಹೋಗುತ್ತದೆ ಅನ್ನುವುದು ಒಂದು ಗುಡ್ಡದ ಈಚೆ ಆಚೆಯ ಮಾತು.

ನಗರದ ಹತ್ತಿರ ಒಂದು ತೋಟದ ಮನೆಯಲ್ಲಿ ಉಳಿದುಕೊಂಡೆವು. ಅಡಿಕೆ ಕೊಯ್ಲು ಶುರುವಾಗಿತ್ತು. ರಾತ್ರಿ ಊಟ ಮುಗಿಸಿ ಜಗುಲಿಗೆ ಬಂದರೆ ಅಡಿಕೆ ಸುಲಿಯುವವರು ಸಾಲಾಗಿ ಕೂತಿದ್ದಾರೆ. ಎದುರಿಗೆ ಮೆಟ್ಟುಗತ್ತಿ. ಕೈ ನೋಡದೆಯೇ ಸಿಪ್ಪೆ ಹಾರಿಸುತ್ತಾರೆ, ಬಾಯಲ್ಲಿ ಊರ ಸುದ್ದಿ. ಅಂಗಳದ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಅಡಿಕೆ ಬೇಯಿಸಿದ ನೀರಿನ, ಅಂದರೆ ಚೊಗರಿನ, ಆ ಒಗರು ವಾಸನೆ, ಸೌದೆ ಹೊಗೆ, ಹೊರಗೆ ಚಳಿ. ನನಗೂ ಒಂದು ಮೆಟ್ಟುಗತ್ತಿ ಕೊಟ್ಟರು. ಅವರು ನೂರು ಸುಲಿಯುವಷ್ಟರಲ್ಲಿ ನಾನು ಎಂಟು ಸುಲಿದೆ. ಹನ್ನೊಂದರ ತನಕ ಏಳಲು ಮನಸ್ಸೇ ಬರಲಿಲ್ಲ. ಬೇಗ ಬೇಗ ಓಡಿಸಿಕೊಂಡು ಹೋಗಿ ಯಾವುದೋ ಲಾಡ್ಜಿನಲ್ಲಿ ಮಲಗಿದ್ದರೆ ಈ ಜಗುಲಿ ಸಿಗುತ್ತಿತ್ತಾ?

ಮೂರನೇ ದಿನ: ನಗರದಿಂದ ಸಿಗಂದೂರು ಕಡೆಗೆ

ನಗರದ ಹಳೆಯ ಹೆಸರು ಬಿದನೂರು. ಕೆಳದಿ ಅರಸರ ರಾಜಧಾನಿ ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಕೊನೆಗೆ ಇಲ್ಲಿ. 1763ರಲ್ಲಿ ಹೈದರಾಲಿ ಇದನ್ನು ಗೆದ್ದು ಹೈದರನಗರ ಅಂತ ಹೆಸರಿಟ್ಟ. ಅದರಲ್ಲಿ ಈಗ ಉಳಿದಿರುವುದು 'ನಗರ' ಮಾತ್ರ. ಕೋಟೆಯ ಒಳಗೆ ಅಕ್ಕ ತಂಗಿ ಕೊಳ ಇದೆ, ಅಕ್ಕಪಕ್ಕ ಎರಡು ಕೊಳ. ಬುರುಜಿನ ಮೇಲೆ ಹತ್ತಿ ನಿಂತರೆ ಒಂದು ಕಾಲದ ರಾಜಧಾನಿ ಈಗಿನ ಚಿಕ್ಕ ಪೇಟೆಯಾಗಿ ಕೆಳಗೆ ಕಾಣುತ್ತದೆ.

ಕೋಟೆಗಿಂತ ನನಗೆ ಹಿಡಿಸಿದ್ದು ದೇವಗಂಗೆ. ಊರಿನಿಂದ ಸ್ವಲ್ಪ ದೂರ, ಕಾಡಿನ ಮಗ್ಗುಲಲ್ಲಿ ಏಳು ಕೊಳಗಳ ಗುಂಪು. ಕೆಳದಿ ಅರಸರ ಕಾಲದ್ದು. ಗುಡ್ಡದ ಸೆಲೆಯ ನೀರು ಕಲ್ಲಿನ ದಾರಿ ಹಿಡಿದು ಕೊಳಗಳಿಗೆ ಬೀಳುತ್ತದೆ. ಪಂಪಿಲ್ಲ, ಮೋಟಾರಿಲ್ಲ. ನೆಲದ ಇಳಿಜಾರನ್ನು ಅಳೆದು ಕಟ್ಟಿದ್ದಾರೆ, ಅಷ್ಟೇ. ಒಂದೂವರೆ ಗಂಟೆ ಅಲ್ಲಿದ್ದೆವು. ಇನ್ನೊಬ್ಬರು ಬರಲಿಲ್ಲ.

ನಿಟ್ಟೂರು ದಾಟಿದ ಮೇಲೆ ಯೆಜ್ಡಿಯ ಹಿಂದಿನ ಚಕ್ರ ಪಂಕ್ಚರ್ ಆಯಿತು. ತಿರುವಿನಲ್ಲಿ ಗಾಡಿ ಹಿಂದೆ ಓಲಾಡಿದ್ದನ್ನು ನಾನು ನೋಡಿ ಹಾರ್ನ್ ಹೊಡೆದೆ. ಭಾವ ಬ್ರೇಕ್ ಮುಟ್ಟಲಿಲ್ಲ. ಆಕ್ಸಿಲರೇಟರ್ ಬಿಟ್ಟು, ಹ್ಯಾಂಡಲ್ ನೆಟ್ಟಗೆ ಹಿಡಿದು, ನಿಧಾನ ಬದಿಗೆ ತಂದರು. ಹಿಂದಿನ ಟೈರಿನ ಗಾಳಿ ಹೋದಾಗ ಗಾಬರಿಯಲ್ಲಿ ಬ್ರೇಕ್ ಒತ್ತಿದರೆ ಗಾಡಿ ಮಲಗುತ್ತದೆ. ಇದನ್ನು ಓದಿ ತಿಳಿದಿದ್ದೆ, ಅವತ್ತು ಕಣ್ಣಾರೆ ಕಂಡೆ.

ಸುತ್ತ ಕಾಡು. ಅಂಗಡಿ ಹುಡುಕುವ ಮಾತೇ ಇಲ್ಲ. ಯೆಜ್ಡಿಯಲ್ಲಿ ಒಂದು ಅನುಕೂಲ ಇದೆ. ಆಕ್ಸಲ್ ಎಳೆದರೆ ಚೈನ್ ಬಿಚ್ಚದೆಯೇ ಹಿಂದಿನ ಚಕ್ರ ಹೊರಗೆ ಬರುತ್ತದೆ. ಟೈರ್ ಬಿಚ್ಚಿ ಟ್ಯೂಬ್ ತೆಗೆದೆವು. ಹೊಸ ಟ್ಯೂಬ್ ಹಾಕಲು ನಾನು ಕೈ ಹಾಕಿದಾಗ ಭಾವ ತಡೆದರು. "ಮೊದಲು ಟೈರಿನ ಒಳಗೆ ಸುತ್ತ ಬೆರಳಾಡಿಸು. ಮೊಳೆ ಇನ್ನೂ ಅಲ್ಲೇ ಇದ್ದರೆ?" ಇತ್ತು. ಅರ್ಧ ಇಂಚಿನ ಮೊಳೆ, ಒಳಕ್ಕೆ ತುದಿ ಚಾಚಿಕೊಂಡು. ಹಾಗೇ ಹಾಕಿದ್ದರೆ ಇದ್ದ ಒಂದೇ ಟ್ಯೂಬೂ ಹೋಗುತ್ತಿತ್ತು.

ಕೈಪಂಪಿನಲ್ಲಿ ಸರದಿಯ ಮೇಲೆ ಗಾಳಿ ಹೊಡೆಯುತ್ತಿದ್ದಾಗ ದನ ಹೊಡೆದುಕೊಂಡು ಬಂದ ಒಬ್ಬ ಹಿರಿಯರು ನಿಂತರು. ಯೆಜ್ಡಿಯ ಟ್ಯಾಂಕ್ ಮೇಲೆ ಕೈ ಇಟ್ಟು, "ನಮ್ಮ ಅಣ್ಣನ ಹತ್ತಿರ ಇತ್ತು ಇದು. ನಮ್ಮೂರಿಗೆ ಬಂದ ಮೊದಲ ಗಾಡಿ" ಅಂದರು. ಗಾಡಿಯ ಶಬ್ದ ಒಂದು ಸಲ ಕೇಳಬೇಕು, ಕಿಕ್ ಹೊಡೀರಿ ಅಂತ ಕೇಳಿದರು. ಭಾವ ಕಿಕ್ ಹೊಡೆದರು. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ ಏನೂ ಹೇಳದೆ ದನಗಳ ಹಿಂದೆ ಹೋದರು.

ಈ ದಾರಿಯಲ್ಲಿ ಹಿನ್ನೀರು ಮರಗಳ ನಡುವೆ ಕಂಡು ಮರೆಯಾಗುತ್ತದೆ. ಒಂದು ತಿರುವಿಗೆ ನೀಲಿ, ಮುಂದಿನ ತಿರುವಿಗೆ ಬರೀ ಕಾಡು. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ರಸ್ತೆ, ಬಾವಿ, ಗುಡಿಯ ಕಟ್ಟೆ ಎಲ್ಲ ಎದ್ದು ಬರುತ್ತವೆ. 1940ರ ದಶಕದಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಕೂಡ ಲಿಂಗನಮಕ್ಕಿಯ ನೀರಿನೊಳಗೆ ಸೇರಿಕೊಂಡಿದೆ. ಅದೂ ನೀರು ತೀರಾ ಕಡಿಮೆಯಾದ ವರ್ಷ ತಲೆ ಎತ್ತುತ್ತದೆ. ನಾವು ಹೋದಾಗ ಹಿನ್ನೀರು ತುಂಬಿ ನಿಂತಿತ್ತು. ಏನೂ ಕಾಣಲಿಲ್ಲ.

ಸಿಗಂದೂರು ಚೌಡೇಶ್ವರಿ ದೇವಸ್ಥಾನಕ್ಕೆ ಕೈ ಮುಗಿದು, ಅಲ್ಲೇ ಹತ್ತಿರದ ಮನೆಯೊಂದರಲ್ಲಿ ರಾತ್ರಿ ಕಳೆದೆವು. ಊಟಕ್ಕೆ ಒಂದೆಲಗದ ತಂಬುಳಿ, ಅಪ್ಪೆ ಎಂಬ ಕಾಡುಮಾವಿನ ಮಿಡಿಯ ಉಪ್ಪಿನಕಾಯಿ. ಅಪ್ಪೆಮಿಡಿ ಬಾಯಿಗಿಟ್ಟು ಭಾವ ಹೇಳಿದರು. ಅವರ ತಾಯಿಗೆ ಮನೆಗಿಂತ ಜಾಸ್ತಿ ನೆನಪಿದ್ದದ್ದು ಹೊಳೆ ದಂಡೆಯ ಒಂದು ಅಪ್ಪೆಮರವಂತೆ. ಜೀರಿಗೆ ವಾಸನೆಯ ಮಿಡಿ. ಅಂಥ ಮಿಡಿ ಆಮೇಲೆ ಎಲ್ಲೂ ಸಿಗಲಿಲ್ಲ ಅಂತ ಕೊನೆಯ ತನಕ ಹೇಳುತ್ತಿದ್ದರಂತೆ. ಒಳ್ಳೆಯ ಅಪ್ಪೆಮರಗಳು ಬೆಳೆಯುವುದೇ ಹೊಳೆಯ ದಂಡೆಯಲ್ಲಿ. ಹಿನ್ನೀರು ಮೊದಲು ಮುಳುಗಿಸುವುದೂ ದಂಡೆಯನ್ನೇ.

ನಾಲ್ಕನೇ ದಿನ: ಸೇತುವೆ, ಸಾಗರ, ಇಕ್ಕೇರಿ

ಆರು ದಿನದಲ್ಲಿ ನನಗೆ ಅತಿ ಉದ್ದವಾಗಿ ನೆನಪಿರುವುದು ಎರಡು ಕಿಲೋಮೀಟರ್ ಚಿಲ್ಲರೆಯ ಈ ಸೇತುವೆ.

ಕಳಸವಳ್ಳಿಯಿಂದ ಅಂಬಾರಗೋಡ್ಲಿಗೆ ಹಿನ್ನೀರಿನ ಮೇಲೆ ಇದನ್ನು ಕಟ್ಟಿ, 2025ರ ಜುಲೈನಲ್ಲಿ ಓಡಾಟಕ್ಕೆ ಬಿಟ್ಟರು. ಅದಕ್ಕೂ ಮೊದಲು ಈ ಭಾಗದವರು ಸಾಗರಕ್ಕೆ ಹೋಗಲು ಲಾಂಚನ್ನೇ ಕಾಯಬೇಕಿತ್ತು. ಬಸ್ಸು, ಬೈಕು, ಶಾಲೆ ಮಕ್ಕಳು, ಬಸುರಿಯರು, ಎಲ್ಲರೂ ಅದೇ ಲಾಂಚಿನಲ್ಲಿ. ಸಂಜೆ ಕೊನೆಯ ಲಾಂಚ್ ತಪ್ಪಿದರೆ ಸುತ್ತು ಹಾಕಿ ಬರಬೇಕು, ಇಲ್ಲದಿದ್ದರೆ ದಡದಲ್ಲೇ ಉಳಿಯಬೇಕು. ಇಡೀ ರಾಜ್ಯಕ್ಕೆ ವಿದ್ಯುತ್ ಸಿಗಲಿ ಅಂತ ಊರು ಬಿಟ್ಟುಕೊಟ್ಟ ಜನ ಒಂದು ಸೇತುವೆಗೆ ಅರವತ್ತು ವರ್ಷ ಕಾದರು. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ.

ಲಾಂಚಿನಲ್ಲಿ ದಾಟಿದ ಹಳೆಯ ನೆನಪು ನನಗೂ ಇದೆ. ಎಂಜಿನ್ ಆರಿಸಿ, ಗಾಡಿ ಸೈಡ್ ಸ್ಟ್ಯಾಂಡಿಗೆ ಹಾಕಿ, ಕಟಕಟೆಗೆ ಒರಗಿ ನಿಂತರೆ ಗಾಳಿ ತಣ್ಣಗೆ ಬೀಸುತ್ತಿತ್ತು. ಪ್ರವಾಸಿಗೆ ಅದು ಚಂದವೇ. ದಿನಾ ಆಸ್ಪತ್ರೆಗೆ ಓಡಾಡುವವರಿಗೆ? ಸೇತುವೆ ಆದದ್ದು ಒಳ್ಳೆಯದಾಯಿತು, ಅದರಲ್ಲಿ ಎರಡು ಮಾತಿಲ್ಲ.

ಬೆಳಿಗ್ಗೆ ಏಳಕ್ಕೇ ದಡಕ್ಕೆ ಬಂದೆವು. ನೀರಿನ ಮೇಲೆ ಮಂಜು ಹಾಸಿತ್ತು. ಸೇತುವೆ ನಾಲ್ಕು ಹೆಜ್ಜೆ ಹೋಗಿ ಬಿಳಿಯೊಳಗೆ ಕರಗಿದಂತೆ ಕಾಣುತ್ತಿತ್ತು. ಎರಡನೇ ಗೇರಿನಲ್ಲಿ, ಒಬ್ಬರ ಹಿಂದೆ ಒಬ್ಬರು, ಅಂಚು ಹಿಡಿದು ಹೋದೆವು. ಆ ಕಡೆ ಇಳಿದ ಮೇಲೆ ಗಾಡಿ ನಿಲ್ಲಿಸಿ ನೀರಿನ ತನಕ ನಡೆದೆವು. ಭಾವ ಹೆಲ್ಮೆಟ್ ತೆಗೆದು ಒಂದು ಕಲ್ಲಿನ ಮೇಲೆ ಕೂತರು.

"ಎಲ್ಲಿ ಬರುತ್ತೆ ಭಾವ, ನಿಮ್ಮೂರು?"

ಅವರು ಕೈ ಎತ್ತಿದರು. ಒಂದು ಕಡೆ ತೋರಿಸಿದರು. ಆಮೇಲೆ ಕೈಯನ್ನು ಸ್ವಲ್ಪ ಎಡಕ್ಕೆ ತಂದರು. "ಅಮ್ಮ ಹೇಳಿದ್ದರ ಮೇಲೆ ಲೆಕ್ಕ ಹಾಕಿದರೆ ಈ ಕಡೆ ಇರಬೇಕು. ಗುಡ್ಡದ ಬುಡಕ್ಕೆ ಹೊಳೆ, ಹೊಳೆ ಬದಿ ಮನೆ ಅಂತಿದ್ದಳು. ಈಗ ಕಾಣೋದೆಲ್ಲ ಗುಡ್ಡದ ತಲೆ."

ಎದುರಿಗೆ ನೀರಿನಲ್ಲಿ ನಡುಗಡ್ಡೆಗಳು. ಹೌದು, ಅವು ಗುಡ್ಡದ ತಲೆಗಳೇ. ಅದುವರೆಗೂ ನನಗೆ ಅವು ಬರೀ ಚಂದದ ನಡುಗಡ್ಡೆಗಳಾಗಿದ್ದವು. ಲಿಂಗನಮಕ್ಕಿಯ ಪೂರ್ತಿ ಮಟ್ಟ ಸಮುದ್ರದಿಂದ 1,819 ಅಡಿ. ಪೇಪರಿನಲ್ಲಿ ಮಳೆಗಾಲ ಪೂರ್ತಿ ಈ ಅಂಕಿ ಓದುತ್ತೇವೆ, ಇಷ್ಟು ಅಡಿ ಬಂತು, ಇಷ್ಟು ಅಡಿ ಬಾಕಿ ಅಂತ. ಆ ಅಡಿಗಳ ಕೆಳಗೆ ಗದ್ದೆ, ಮನೆ, ಅಪ್ಪೆಮರ ಇದ್ದದ್ದನ್ನು ಆ ಕಲ್ಲಿನ ಮೇಲೆ ಕೂತಾಗಲೇ ನಾನು ಸರಿಯಾಗಿ ಯೋಚಿಸಿದ್ದು.

ಮಂಜು ಎದ್ದು ಬಿಸಿಲು ಬರುವ ತನಕ ಕೂತೆವು. ಎದ್ದಾಗ ಒಂಬತ್ತೂವರೆ.

ಸಾಗರಕ್ಕೆ ಬಂದು, ಮಧ್ಯಾಹ್ನ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ನೋಡಿದೆವು. ಗಾತ್ರ ದೊಡ್ಡದು, ಕಲ್ಲು ಗಟ್ಟಿ, ಎದುರಿನ ಮಂಟಪದಲ್ಲಿ ದೊಡ್ಡ ನಂದಿ. ಗರ್ಭಗುಡಿಯ ಎದುರು ನೆಲದಲ್ಲಿ ಕೆಳದಿ ಅರಸರು ಅಡ್ಡಬಿದ್ದಿರುವ ಹಾಗೆ ಕೆತ್ತಿದ್ದಾರೆ. ಬಂದವರೆಲ್ಲ ತಮ್ಮನ್ನು ದಾಟಿಕೊಂಡು ದೇವರ ಹತ್ತಿರ ಹೋಗಲಿ ಎಂದು ನೆಲದಲ್ಲಿ ಮಲಗಿದ ಅರಸರು. ಕೆಳದಿಯೂ ಹತ್ತಿರವೇ ಇತ್ತು. ಹೋಗಲಿಲ್ಲ. ಅಂಗಳದ ಹುಲ್ಲಿನ ಮೇಲೆ ಮಲಗಿ ನಿದ್ದೆ ಮಾಡಿದೆವು. ಇನ್ನೊಂದು ಜಾಗ ಸೇರಿಸುವ ಆಸೆಗೆ ಈ ನಿದ್ದೆಯನ್ನು ಕಳೆದುಕೊಳ್ಳಬಾರದು ಅನ್ನಿಸಿತು.

ಐದನೇ ದಿನ: ಸಾಗರದಿಂದ ಜೋಗ

30 ಕಿಲೋಮೀಟರ್, ಅಷ್ಟೇ. ಹೋಗುವ ಮುಂಚೆ ಸಾಗರದಲ್ಲಿ ಗುಡಿಗಾರರ ಕೆಲಸ ನೋಡಿದೆವು. ಗಂಧದ ಮರ, ಸಣ್ಣ ಉಳಿ, ಕುಸುರಿ. ಕೆತ್ತುವವರು ಗೀರು ಹಾಕುವಾಗ ಉಸಿರು ಹಿಡಿಯುತ್ತಾರೆ. ಅದನ್ನು ನೋಡುತ್ತಾ ನಾನೂ ಉಸಿರು ಹಿಡಿದಿದ್ದೆ.

ಯೆಜ್ಡಿ ಅವತ್ತು ಬೆಳಿಗ್ಗೆ ತಡವರಿಸಿತು. ಪ್ಲಗ್ ಬಿಚ್ಚಿದರೆ ಕಪ್ಪಗೆ, ಒದ್ದೆ. ಹಿಂದಿನ ದಿನ ಆಯಿಲ್ ಬೆರೆಸಿದ್ದು ನಾನು. ಎರಡು ಮುಚ್ಚಳ ಜಾಸ್ತಿ ಬಿದ್ದಿತ್ತು. ಉಜ್ಜಿ ಒರೆಸಿ ಹಾಕಿದ ಮೇಲೆ ಸರಿಹೋಯಿತು. ಆಯಿಲ್ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಜಾಸ್ತಿಯಾದರೆ ಪ್ಲಗ್ ಕಟ್ಟುತ್ತದೆ. ಆ ಮುಚ್ಚಳದ ಅಳತೆಗೆ ಅಷ್ಟು ಬೆಲೆಯಿದೆ.

ಜೋಗಕ್ಕೆ ಮುಟ್ಟಿದಾಗ ಏನೂ ಕಾಣಲಿಲ್ಲ. ಕಣಿವೆ ತುಂಬ ಬಿಳಿ ಮಂಜು. ಸದ್ದು ಮಾತ್ರ ಕೆಳಗಿನಿಂದ ಬರುತ್ತಿತ್ತು. ಬಂದವರು ಹತ್ತು ನಿಮಿಷ ನಿಂತು, ಬೇಜಾರಾಗಿ, ಕಾರು ಹತ್ತಿ ಹೋದರು. ನಮಗೆ ಹೋಗುವ ಜಾಗವೇ ಇರಲಿಲ್ಲವಲ್ಲ. ರಾತ್ರಿ ಅಲ್ಲೇ ಉಳಿಯುವುದು. ಕೂತೆವು. ಐವತ್ತು ನಿಮಿಷವಾದ ಮೇಲೆ ಮಂಜು ಒಂದು ಮೂಲೆಯಿಂದ ಸರಿಯಿತು. ಮೊದಲು ರಾಜ ಕಂಡ, ನೆಟ್ಟಗೆ ಬೀಳುವವನು. ಆಮೇಲೆ ಅವನ ಮಗ್ಗುಲಿಗೆ ಸೇರುವ ರೋರರ್. ಬಂಡೆಯಿಂದ ಚಿಮ್ಮುವ ರಾಕೆಟ್. ಕೊನೆಗೆ, ಬಂಡೆ ಮೇಲೆ ಹರಡಿಕೊಂಡು ಇಳಿಯುವ ರಾಣಿ. ಎರಡು ನಿಮಿಷ ನಾಲ್ಕೂ ಒಟ್ಟಿಗೆ. ಮತ್ತೆ ಪರದೆ ಬಿತ್ತು. ಆ ದಿನ ಹೀಗೆ ಆರು ಸಲ ಆಯಿತು, ಭಾವ ಎಣಿಸಿದ್ದರು.

ಮಧ್ಯಾಹ್ನ ಹೊಳೆ ದಾಟಿ ಬಾಂಬೆ ಬಂಗಲೆಯ ಕಡೆಗೆ ಹೋದೆವು. ಒಂದು ಕಾಲಕ್ಕೆ ಈ ಹೊಳೆಯೇ ಗಡಿ. ಆ ದಡ ಬಾಂಬೆ ಪ್ರಾಂತ್ಯದ್ದು, ಈ ದಡ ಮೈಸೂರು ಸಂಸ್ಥಾನದ್ದು. ಅದಕ್ಕೇ ಆ ಹೆಸರು. ಅಲ್ಲಿ ನಿಂತರೆ ರಾಜ ಬೀಳುವ ಅಂಚು ಪಕ್ಕದಿಂದ ಕಾಣುತ್ತದೆ. ಗಲಾಟೆ ಕಡಿಮೆ.

ಒಂದು ವಿಷಯ ಹೇಳಬೇಕು. ಜೋಗದಲ್ಲಿ ಬೀಳುವುದು ಶರಾವತಿಯ ಒಂದು ಪಾಲು ಮಾತ್ರ. ಲಿಂಗನಮಕ್ಕಿಯಿಂದ ಬಹುಪಾಲು ನೀರು ಕಾಲುವೆಯಲ್ಲಿ ತಳಕಳಲೆ ಜಲಾಶಯಕ್ಕೆ ಹೋಗಿ, ಅಲ್ಲಿಂದ ದೊಡ್ಡ ಪೈಪುಗಳಲ್ಲಿ ಕೆಳಗಿಳಿದು ಟರ್ಬೈನ್ ತಿರುಗಿಸುತ್ತದೆ. ನಾವು ನಾಲ್ಕು ದಿನ ಜೊತೆಯಲ್ಲಿ ಬಂದ ಹೊಳೆ ಇಲ್ಲಿ ಎರಡಾಗಿ, ದೊಡ್ಡ ಪಾಲು ನಮ್ಮ ಕಣ್ಣಿಗೆ ಬೀಳದೆ ಇಳಿದುಹೋಗುತ್ತದೆ. ಈಗ ತಳಕಳಲೆಗೂ ಗೇರುಸೊಪ್ಪೆಗೂ ನಡುವೆ 2,000 ಮೆಗಾವಾಟಿನ ಭೂಗತ ಯೋಜನೆಯ ಮಾತು ನಡೆದಿದೆ. ಆ ನಡುವೆ ಇರುವುದು ಸಿಂಗಳೀಕ ಎಂಬ ಕೋತಿಗಳ ಕಾಡು. ನನಗೆ ವಿದ್ಯುತ್ತಿನ ಬೆಲೆ ಗೊತ್ತು. ಆದರೂ ಈ ಹೊಳೆ ಈಗಾಗಲೇ ಕೊಟ್ಟದ್ದು ಸಾಕು. ಉಳಿದ ಕಾಡು ಹಾಗೇ ಇರಲಿ ಅನ್ನುವುದು ನನ್ನ ಆಸೆ.

ಆರನೇ ದಿನ: ಮಾಳೆಮನೆ ಘಾಟಿ, ಗೇರುಸೊಪ್ಪೆ, ಹೊನ್ನಾವರ

ಜೋಗದಿಂದ ಹೊನ್ನಾವರಕ್ಕೆ 60 ಕಿಲೋಮೀಟರ್ ಸುಮಾರು. ಅದರಲ್ಲಿ ಘಾಟಿಯ ಇಳಿಜಾರು ಈ ಪ್ರವಾಸದ ಅತಿ ಚಂದದ ರಸ್ತೆ. ಎರಡೂ ಕಡೆ ಕಾಡು ಮೇಲೆ ಕೂಡಿಕೊಂಡು, ಹಗಲಲ್ಲೂ ಹೆಡ್‌ಲೈಟ್ ಬೇಕು. ತಿರುವಿಗೊಂದು ಝರಿ.

ಇಳಿಯುವಾಗ ಭಾವನ ಗಾಡಿಯ ಸದ್ದು ಬೇರೆಯಾಗಿತ್ತು. ಸುಮ್ಮನಿದ್ದು, ನಡುನಡುವೆ ಒಮ್ಮೆ ಗುರ್ ಅನ್ನುವುದು. ನಿಲ್ಲಿಸಿದಾಗ ಕೇಳಿದೆ. "ಟೂ ಸ್ಟ್ರೋಕಿಗೆ ಆಯಿಲ್ ಬರೋದು ಪೆಟ್ರೋಲಿನ ಜೊತೆ. ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಲ್ಲೇ ಉದ್ದಕ್ಕೆ ಇಳಿದರೆ ಎಂಜಿನ್ ತಿರುಗ್ತಾ ಇರುತ್ತೆ, ಆಯಿಲ್ ಮಾತ್ರ ಸಿಗಲ್ಲ. ಅದಕ್ಕೆ ಆಗಾಗ ಸ್ವಲ್ಪ ಕೊಡಬೇಕು" ಅಂದರು. ಅಷ್ಟು ವರ್ಷ ಅವರ ಹಿಂದೆ ಓಡಿಸಿದ್ದೇನೆ, ಇದು ತಿಳಿದದ್ದು ಅವತ್ತು.

ಒಂದು ತಿರುವಿನಲ್ಲಿ ಅವರು ಕೈ ಎತ್ತಿ ನಿಲ್ಲಲು ಹೇಳಿದರು. ಮೇಲೆ ಕೊಂಬೆಯಲ್ಲಿ ಸಿಂಗಳೀಕಗಳು. ಕರಿ ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಸಿಂಹದ ಹಾಗೆ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಇವು ಕಾಡಿನಲ್ಲಿ ಬೇರೆಲ್ಲೂ ಇಲ್ಲ. ಎಂಜಿನ್ ಆರಿಸಿ ಸದ್ದಿಲ್ಲದೆ ನಿಂತೆವು. ಮರಿಯನ್ನು ಹೊಟ್ಟೆಗೆ ಅವಚಿಕೊಂಡ ತಾಯಿಯೊಂದು ರಸ್ತೆಯ ಮೇಲಿನ ಕೊಂಬೆಯಿಂದ ಆಚೆ ಕೊಂಬೆಗೆ ಹಾರಿತು. ರಸ್ತೆ ಅಗಲ ಮಾಡಿ ಈ ಕೊಂಬೆಗಳನ್ನು ಕಡಿದರೆ ಅವು ನೆಲಕ್ಕೆ ಇಳಿದು ದಾಟಬೇಕು. ನೆಲದಲ್ಲಿ ನಮ್ಮಂಥವರ ಗಾಡಿಗಳು. ದಯವಿಟ್ಟು ಇಲ್ಲಿ ತಿನ್ನಲು ಏನೂ ಎಸೆಯಬೇಡಿ. ಅವನ್ನು ರಸ್ತೆಗೆ ಇಳಿಸುವುದೇ ಆ ಬಿಸ್ಕತ್ತು.

ಗೇರುಸೊಪ್ಪೆಯಲ್ಲಿ ಕಾಡಿನ ನಡುವೆ ಚತುರ್ಮುಖ ಬಸದಿ ಇದೆ. ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಬಾಗಿಲಿನಿಂದ ನೋಡಿದರೂ ಎದುರಿಗೆ ಒಬ್ಬ ತೀರ್ಥಂಕರ. 16ನೇ ಶತಮಾನದಲ್ಲಿ ಇಲ್ಲಿಂದ ಚೆನ್ನಭೈರಾದೇವಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿದಳು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅಂತ ಕರೆದರು. ಬಸದಿಯ ಸುತ್ತಲಿನ ಮರಗಳಿಗೆ ಈಗಲೂ ಮೆಣಸಿನ ಬಳ್ಳಿಯ ಹಾಗೆ ಕಾಡುಬಳ್ಳಿಗಳು ಹಬ್ಬಿವೆ. ಒಳಗೆ ನಮ್ಮ ಹೆಜ್ಜೆ ಬಿಟ್ಟರೆ ಸದ್ದಿಲ್ಲ.

ಇಲ್ಲಿಂದ ಹೊಳೆ ಬದಲಾಗುತ್ತದೆ. ಅಗಲ, ನಿಧಾನ, ಎರಡೂ ದಡದಲ್ಲಿ ತೆಂಗು. ಮಾವಿನಕುರ್ವೆಯಂಥ ನಡುಗಡ್ಡೆಗಳು ಬರುತ್ತವೆ. ಕುರ್ವೆ ಅಂದರೇ ಹೊಳೆ ನಡುವಿನ ನೆಲ. ಗಾಳಿಗೆ ಉಪ್ಪಿನ ವಾಸನೆ ಸೇರುತ್ತದೆ. ಯೆಜ್ಡಿಯ ವೇಗ 40ಕ್ಕೆ ಇಳಿದಿತ್ತು. ನನಗೂ ಮುಂದೆ ಹೋಗುವ ಆತುರ ಇರಲಿಲ್ಲ. ಮುಗಿಯುವುದು ಬೇಡ ಅನ್ನಿಸುತ್ತಿತ್ತು.

ಕಾಸರಕೋಡಿನ ಕಡೆ ಅಳಿವೆಯ ಹತ್ತಿರ ಗಾಡಿ ನಿಲ್ಲಿಸಿದಾಗ ಎರಡು ಗಂಟೆ. ಮೀಟರ್ ನೋಡಿದೆ. ಶಿವಮೊಗ್ಗದಿಂದ 346 ಕಿಲೋಮೀಟರ್ ಆಗಿತ್ತು. ಮರಳಿನ ಮೇಲೆ ಮೀನು ದೋಣಿಗಳು. ಹೊಳೆಯನ್ನು ನೋಡಿದೆವು. ನೀರು ಸಮುದ್ರಕ್ಕೆ ಹೋಗುತ್ತಿರಲಿಲ್ಲ. ಒಳಕ್ಕೆ ಬರುತ್ತಿತ್ತು. ಒಂದು ತೆಂಗಿನ ಗರಿ ಸಮುದ್ರದ ಕಡೆಯಿಂದ ತೇಲಿ, ನಮ್ಮೆದುರು ಹಾದು, ನಾವು ಬಂದ ದಾರಿಯಲ್ಲೇ ಮೇಲಕ್ಕೆ ಹೋಯಿತು.

ಬಲೆ ಸರಿಮಾಡುತ್ತಿದ್ದವರನ್ನು ಕೇಳಿದೆವು. "ಈಗ ಉಬ್ಬರ ಅಲ್ವಾ" ಅಂದರು ತಲೆ ಎತ್ತದೆ. "ಹೊಳೆ ಸಮುದ್ರಕ್ಕೆ ಹೋಗೋದು ನೋಡಬೇಕಿದ್ದರೆ ಇಳಿತ ಶುರುವಾಗಬೇಕು. ಸಂಜೆ ಆಗುತ್ತೆ."

ನಾನು ಭಾವನ ಮುಖ ನೋಡಿದೆ. ಅವರು ಆಗಲೇ ಬೂಟು ಬಿಚ್ಚುತ್ತಿದ್ದರು.